ಮತ್ತೆ ಮತ್ತೆ ಬಂದು ಸಿಸ್ಟರ್ ನೋಡುವುದೇನು?

"ಈಗ ತಾನೇ ನೋಡಿ ಹೋದ್ರಲ್ಲ ಸಿಸ್ಟರ್, ಮತ್ತೆ ಏನು ನೋಡೋದು?"

ಹೆರಿಗೆ ಕೋಣೆಯಲ್ಲಿ ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ ನಾನು ಅತಿ ಜಾಸ್ತಿ ಕೇಳಿದ ಪ್ರಶ್ನೆ ಇದು. ಕೇಳುವವರು ಸಾಮಾನ್ಯವಾಗಿ ಹುಡುಗಿಯ ತಾಯಿ. ನೋವು ತಿನ್ನುತ್ತಿರುವ ಮಗಳ ಸೊಂಟ ಉಜ್ಜುತ್ತಾ ಕೂತಿರುತ್ತಾರೆ. ಅರ್ಧ ಗಂಟೆಗೊಮ್ಮೆ ನಾವು ಬರುತ್ತೇವೆ. ಹೊಟ್ಟೆ ಮೇಲೆ ಕೈ ಇಡುತ್ತೇವೆ, ಮಗುವಿನ ಎದೆಬಡಿತ ಕೇಳುತ್ತೇವೆ, ನಾಡಿ ಹಿಡಿಯುತ್ತೇವೆ, ಏನೋ ಬರೆದುಕೊಂಡು ಹೋಗುತ್ತೇವೆ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ನೋಡುವವರಿಗೆ ಸುಮ್ನೆ ಬಂದು ಹೋದ ಹಾಗೆ ಕಾಣುತ್ತದೆ. ಆ ತಾಯಿಯ ಪ್ರಶ್ನೆ ನ್ಯಾಯವಾದದ್ದು. ನೋವಿನ ಮಧ್ಯೆ ನಿಂತು ಅದಕ್ಕೆ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಸುರಿಯನ್ನು ಒಂದೇ ಸಲ ನೋಡಿದರೆ ಅವಳು ಆ ಹೊತ್ತಿಗೆ ಹೇಗಿದ್ದಾಳೆ ಅಂತ ಮಾತ್ರ ಗೊತ್ತಾಗುತ್ತದೆ. ಎರಡನೇ ಸಲ ನೋಡಿದಾಗಲೇ ಅವಳು ಯಾವ ಕಡೆ ಹೋಗುತ್ತಿದ್ದಾಳೆ ಅಂತ ತಿಳಿಯುವುದು. ಬಸುರಲ್ಲಿ ಆ ಎರಡು ನೋಟಗಳ ನಡುವೆ ಒಂದು ತಿಂಗಳು ಇರಬಹುದು, ಹೆರಿಗೆಯಲ್ಲಿ ಅರ್ಧ ಗಂಟೆ, ಹೆರಿಗೆ ಆದ ಮೇಲೆ ಹದಿನೈದು ನಿಮಿಷ. ಅಂತರ ಬೇರೆ, ಕೆಲಸ ಒಂದೇ: ಹಿಂದಿನ ಸಲಕ್ಕೂ ಈ ಸಲಕ್ಕೂ ಏನು ಬದಲಾಗಿದೆ ಅಂತ ಹುಡುಕುವುದು.

ಹುಡುಕಬೇಕಾದರೆ ಹಿಂದಿನದು ಕೈಯಲ್ಲಿ ಇರಬೇಕಲ್ವಾ? ನಮ್ಮ ಕಡೆ ಎಡವುವುದು ಇಲ್ಲೇ. ಮೊದಲ ಹೆರಿಗೆ ತವರಲ್ಲಿ. ಸೀಮಂತ ಮುಗಿಸಿಕೊಂಡು ಏಳನೇ ತಿಂಗಳಲ್ಲೋ ಎಂಟನೇ ತಿಂಗಳಲ್ಲೋ ಹುಡುಗಿ ತಾಯಿ ಮನೆಗೆ ಬರುತ್ತಾಳೆ. ಅಲ್ಲಿವರೆಗೆ ಅವಳನ್ನು ನೋಡಿಕೊಂಡ ಆಶಾ, ಎಎನ್‌ಎಂ, ಡಾಕ್ಟರ್ ಎಲ್ಲರೂ ಗಂಡನ ಊರಲ್ಲೇ ಉಳಿಯುತ್ತಾರೆ. ಅವಳ ಜೊತೆ ಬರಬೇಕಾದ್ದು ಪ್ರತಿ ತಪಾಸಣೆಯ ಲೆಕ್ಕ ಬರೆದಿರುವ ತಾಯಿ ಕಾರ್ಡ್. ಸೀರೆ, ಬಳೆ, ಬೆಳ್ಳಿ ತಟ್ಟೆ ಎಲ್ಲ ಬಂದು, ಕಾರ್ಡ್ ಅತ್ತೆ ಮನೆಯ ಬೀರುವಿನಲ್ಲಿ ಉಳಿದ ಎಷ್ಟೋ ಕೇಸುಗಳನ್ನು ನೋಡಿದ್ದೇನೆ. ಆಗ ನಮ್ಮ ಮುಂದೆ ಎಂಟು ತಿಂಗಳ ಬಸುರಿ ಇರುತ್ತಾಳೆ, ಅವಳ ಎಂಟು ತಿಂಗಳ ಕಥೆ ಇರುವುದಿಲ್ಲ.

ಒಂದು ಘಟನೆ ಹೇಳುತ್ತೇನೆ. ಮಧ್ಯಾಹ್ನದ ಓಪಿಡಿ. ಮೂವತ್ತನಾಲ್ಕು ವಾರದ ಹುಡುಗಿ, ತವರಿಗೆ ಬಂದು ನಾಲ್ಕು ದಿನ ಆಗಿತ್ತು. ಬಿಪಿ 136/88. ಹೊಸದಾಗಿ ಸೇರಿದ ಸಿಸ್ಟರ್ ಅದನ್ನು ಬರೆದು, ಪಕ್ಕದಲ್ಲಿ ನಾರ್ಮಲ್ ಅಂತ ಹಾಕಿದಳು. ತಪ್ಪೇನಲ್ಲ. ಬಸುರಲ್ಲಿ 140/90 ದಾಟಿದರೆ ಬಿಪಿ ಜಾಸ್ತಿ ಅನ್ನುತ್ತೇವೆ, ಇದು ಅದರ ಒಳಗಿತ್ತು. ಆದರೆ ಹುಡುಗಿ ಕಾರ್ಡ್ ತಂದಿದ್ದಳು. ಹನ್ನೊಂದನೇ ವಾರದಲ್ಲಿ 100/60. ಇಪ್ಪತ್ತನೇ ವಾರದಲ್ಲಿ 104/64. ಆ ಎರಡು ಸಾಲಿನ ಕೆಳಗೆ 136/88 ಬರೆದ ತಕ್ಷಣ ಅದು ಬೇರೆಯೇ ಕಾಣಿಸಿತು. ಎಡಗೈ ಬೆರಳಿನ ಉಂಗುರ ಬಿಗಿಯಾಗಿ ಕೂತಿತ್ತು, ಅದರ ಎರಡೂ ಕಡೆ ಚರ್ಮ ಉಬ್ಬಿತ್ತು. "ಉಂಗುರ ಯಾವಾಗಿಂದ ಹೀಗಮ್ಮ?" ಅಂದೆ. "ಹೋದ ವಾರ ತೆಗೆಯೋಕೆ ಬರ್ತಿತ್ತು ಅಕ್ಕ" ಅಂದಳು. ಮೂತ್ರ ಪರೀಕ್ಷೆ ಮಾಡಿದರೆ ಅಲ್ಬುಮಿನ್ ಅನ್ನುವ ಪ್ರೋಟೀನ್ ಎರಡು ಪ್ಲಸ್. ಡಾಕ್ಟರ್ ಅಡ್ಮಿಟ್ ಮಾಡಿಕೊಂಡರು. ರಾತ್ರಿ ಹತ್ತಕ್ಕೆ ತಲೆನೋವು ಅಂದಳು, ಬಿಪಿ 162/110. ಫಿಟ್ಸ್ ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟ್ ಕೊಟ್ಟು, ಬಿಪಿ ಇಳಿಸಿ, ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಮಗು ಬೇಗ ಹುಟ್ಟಿತು, ಎರಡು ಕೆಜಿಗಿಂತ ಕಡಿಮೆ ಇತ್ತು. ಇಬ್ಬರೂ ಮನೆ ಸೇರಿದರು.

ಇದರ ಹೆಸರು ಪ್ರಿಎಕ್ಲಾಂಪ್ಸಿಯಾ. ಇಪ್ಪತ್ತು ವಾರ ದಾಟಿದ ಮೇಲೆ ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ ಅಥವಾ ಲಿವರ್, ಕಿಡ್ನಿ, ರಕ್ತದ ಪ್ಲೇಟ್‌ಲೆಟ್‌ಗಳಿಗೆ ಪೆಟ್ಟು ಬೀಳುತ್ತದೆ. ಮುಂದೆ ಹೋದರೆ ಫಿಟ್ಸ್ ಬರುತ್ತದೆ. ಶುರುವಿನಲ್ಲಿ ಇದಕ್ಕೆ ನೋವಿಲ್ಲ, ಸುಸ್ತಿಲ್ಲ, ಹುಡುಗಿ ಆರಾಮಾಗೇ ಇರುತ್ತಾಳೆ. ಹೀಗಾಗಿ ಬಿಪಿ ಪಟ್ಟಿ ಕಟ್ಟದೆ ಇದನ್ನು ಹಿಡಿಯಲು ಆಗುವುದಿಲ್ಲ. ಮ್ಯಾಗ್ನೀಸಿಯಂ ಸಲ್ಫೇಟ್ ಹಳೇ, ಅಗ್ಗದ ಔಷಧಿ. 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನದಲ್ಲಿ 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಇದ್ದರು. ಈ ಔಷಧಿ ಕೊಟ್ಟವರಲ್ಲಿ ಫಿಟ್ಸ್ ಬರುವ ಸಾಧ್ಯತೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಔಷಧಿ ಇದೆ, ಆದರೆ ಕೊಡಬೇಕಾದವಳು ಯಾರು ಅಂತ ಸಮಯಕ್ಕೆ ಗೊತ್ತಾಗಬೇಕು.

ಇನ್ನೊಂದು ವಿಷಯ. ಬಸುರಿನ ನಡುವಿನ ತಿಂಗಳುಗಳಲ್ಲಿ ಬಿಪಿ ತಾನಾಗೇ ಸ್ವಲ್ಪ ಇಳಿಯುತ್ತದೆ, ದಿನ ತುಂಬುವ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಮೊದಲೇ ಬಿಪಿ ಇದ್ದವಳು ಐದನೇ ತಿಂಗಳಲ್ಲಿ ಮೊದಲ ಸಲ ತೋರಿಸಲು ಬಂದರೆ ಅವಳದು ನಾರ್ಮಲ್ ಅಂತಲೇ ಕಾಣಬಹುದು. ಮುಟ್ಟು ನಿಂತ ಮೂರು ತಿಂಗಳ ಒಳಗೆ ಹೆಸರು ಬರೆಸಿ ಅಂತ ಆಶಾ ಮನೆಮನೆಗೆ ಬಂದು ಹೇಳುವುದಕ್ಕೆ ಇದೂ ಒಂದು ಕಾರಣ. ಮುಂದಿನ ಎಲ್ಲ ಲೆಕ್ಕಕ್ಕೂ ಆ ಮೊದಲ ಬಿಪಿಯೇ ಅಳತೆಗೋಲು.

ಬಿಪಿ ನೋಡುವ ರೀತಿಯೂ ಮುಖ್ಯ. ಬಸ್ ಇಳಿದು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವಳಿಗೆ ನಿಂತ ಹಾಗೇ ಪಟ್ಟಿ ಕಟ್ಟಿದರೆ ಆ ಲೆಕ್ಕಕ್ಕೆ ಬೆಲೆ ಇಲ್ಲ. ಐದು ನಿಮಿಷ ಕೂರಿಸಬೇಕು. ಬೆನ್ನಿಗೆ ಆಸರೆ ಬೇಕು, ತೋಳು ಎದೆಯ ಮಟ್ಟಕ್ಕೆ ಇರಬೇಕು, ತೋಳಿನ ದಪ್ಪಕ್ಕೆ ತಕ್ಕ ಪಟ್ಟಿ ಬೇಕು. ನೂರು ಜನರ ಸಾಲಿದ್ದಾಗ ಐದು ನಿಮಿಷ ದೊಡ್ಡದು ಅನ್ನಿಸುತ್ತದೆ, ನನಗೆ ಗೊತ್ತು. ಆದರೂ ಕೂರಿಸಬೇಕು.

ದಿನದ ಲೆಕ್ಕಕ್ಕೆ ಬರೋಣ. ಕೊನೆಯ ಮುಟ್ಟು ಯಾವಾಗ ಅಂತ ಕೇಳಿದರೆ ನಮ್ಮ ಹೆಂಗಸರು ತಾರೀಖು ಹೇಳುವುದು ಕಡಿಮೆ. "ಯುಗಾದಿ ಆಗಿ ನಾಲ್ಕು ದಿನಕ್ಕೆ", "ಊರ ಜಾತ್ರೆ ತೇರಿನ ದಿನ" ಅನ್ನುತ್ತಾರೆ. ಅದು ಒಳ್ಳೇ ಗುರುತೇ, ಕ್ಯಾಲೆಂಡರ್ ತೆಗೆದು ಕೂರಬೇಕು ಅಷ್ಟೆ. ಆ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಮತ್ತು ಏಳು ದಿನ ಸೇರಿಸುತ್ತೇವೆ. ಮಾರ್ಚ್ 10 ಆದರೆ ಡಿಸೆಂಬರ್ 17. ಇದು ಜರ್ಮನಿಯ ನೇಗೆಲೆ ಅನ್ನುವ ಡಾಕ್ಟರ್ ಹೆಸರಿನ ಹಳೇ ಸೂತ್ರ, ಒಟ್ಟು ಸುಮಾರು 280 ದಿನ. ಮುಟ್ಟು 28 ದಿನಕ್ಕೆ ಸರಿಯಾಗಿ ಬರುವವರಿಗೆ ಮಾತ್ರ ಇದು ಕೂಡಿಬರುತ್ತದೆ. ಉಳಿದವರಿಗೆ ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ಹೇಳುವ ದಿನವೇ ಜಾಸ್ತಿ ನಂಬಿಕೆಯದು. ಒಂಬತ್ತನೇ ತಿಂಗಳ ಸ್ಕ್ಯಾನ್ ಹೇಳುವ ದಿನ ಎರಡು ಮೂರು ವಾರ ಆಚೀಚೆ ಆಗಬಹುದು. ದಿನದ ಲೆಕ್ಕ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಮಗು ಬೆಳೆದಿಲ್ಲವೋ, ದಿನವೇ ತುಂಬಿಲ್ಲವೋ ಅಂತ ಹೇಳಲು ಆಗುವುದಿಲ್ಲ.

ಹೊಟ್ಟೆ ನೋಡುವ ಕೆಲಸ ನನಗೆ ಇವತ್ತಿಗೂ ಇಷ್ಟ. ಮೊದಲು ಮೂತ್ರಕ್ಕೆ ಹೋಗಿ ಬರಲು ಹೇಳುತ್ತೇವೆ. ಮಲಗಿಸಿ, ಮಂಡಿ ಸ್ವಲ್ಪ ಮಡಿಸಿಸುತ್ತೇವೆ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತೇವೆ, ತಣ್ಣನೆ ಕೈ ಇಟ್ಟರೆ ಹೊಟ್ಟೆ ಬಿಗಿಯುತ್ತದೆ. ಗರ್ಭಕೋಶದ ತುದಿ ಎಲ್ಲಿವರೆಗೆ ಬಂದಿದೆ ಅಂತ ಅಂಗೈ ಅಂಚಿನಿಂದ ನೋಡುತ್ತೇವೆ. ಹನ್ನೆರಡು ವಾರಕ್ಕೆ ಅದು ಕಿಬ್ಬೊಟ್ಟೆಯ ಮೂಳೆಯ ಸ್ವಲ್ಪ ಮೇಲೆ ಕೈಗೆ ಸಿಗುತ್ತದೆ. ಇಪ್ಪತ್ತನಾಲ್ಕರ ಹೊತ್ತಿಗೆ ಹೊಕ್ಕುಳ ಮಟ್ಟ. ಮೂವತ್ತಾರಕ್ಕೆ ಎದೆಗೂಡಿನ ಕೆಳಗೆ. ಕೊನೆ ವಾರಗಳಲ್ಲಿ ತಲೆ ಕೆಳಗಿಳಿದು ತುದಿಯೂ ಸ್ವಲ್ಪ ಇಳಿಯುತ್ತದೆ. "ಹೊಟ್ಟೆ ಇಳಿದಿದೆ, ಇನ್ನು ದಿನ ದೂರ ಇಲ್ಲ" ಅಂತ ಅಜ್ಜಿಯರು ಹೇಳುವುದು ಇದನ್ನೇ. ಇಪ್ಪತ್ತನಾಲ್ಕು ವಾರದ ನಂತರ ಟೇಪ್ ಹಿಡಿದರೆ ಎಷ್ಟು ವಾರವೋ ಹೆಚ್ಚುಕಮ್ಮಿ ಅಷ್ಟು ಸೆಂಟಿಮೀಟರ್. ಮೂರು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಡಾಕ್ಟರಿಗೆ ಹೇಳುತ್ತೇವೆ.

ಆಮೇಲೆ ಎರಡೂ ಕೈಯಲ್ಲಿ ಮಗುವನ್ನು ಹುಡುಕುವುದು. ಲಿಯೋಪೋಲ್ಡ್ ಅನ್ನುವ ಜರ್ಮನ್ ಡಾಕ್ಟರ್ ಹೆಸರಿನ ನಾಲ್ಕು ಹಿಡಿತಗಳಿವೆ. ಮೇಲೆ ಏನಿದೆ? ಮೆತ್ತಗೆ ಅಗಲವಾಗಿದ್ದರೆ ಅಂಡು. ತೆಂಗಿನಕಾಯಿ ಹಾಗೆ ಗಟ್ಟಿಯಾಗಿ ದುಂಡಗಿದ್ದರೆ ತಲೆ, ಅಂದರೆ ಮಗು ತಿರುಗಿಲ್ಲ. ಪಕ್ಕದಲ್ಲಿ ಒಂದು ಕಡೆ ಉದ್ದಕ್ಕೆ ನುಣುಪಾಗಿ ಸಿಗುವುದು ಬೆನ್ನು, ಇನ್ನೊಂದು ಕಡೆ ಗಂಟು ಗಂಟಾಗಿ ಸಿಗುವುದು ಕೈಕಾಲು. ಎದೆಬಡಿತ ಬೆನ್ನಿನ ಕಡೆ ಚೆನ್ನಾಗಿ ಕೇಳುತ್ತದೆ, ಕೊಳವೆಯನ್ನೋ ಡಾಪ್ಲರನ್ನೋ ಅಲ್ಲಿಡಬೇಕು. ಕೆಲವೊಮ್ಮೆ ಹುಡುಗಿಯ ಕೈ ಹಿಡಿದು "ಇದು ಪಾಪುವಿನ ಬೆನ್ನು, ಮುಟ್ಟಿ ನೋಡಮ್ಮ" ಅನ್ನುತ್ತೇನೆ. ಆ ಮುಖ ನೋಡಬೇಕು ಆಗ.

ರಕ್ತದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಯಲ್ಲೇ ಚಿಕಿತ್ಸೆ ಆಗಬೇಕು. ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಅಂದಾಜು ಸಿಗುತ್ತದೆ, ಲೆಕ್ಕ ಸಿಗುವುದಿಲ್ಲ. ಪರೀಕ್ಷೆ ಮಾಡಿಸಲೇಬೇಕು. ಕಬ್ಬಿಣದ ಮಾತ್ರೆ ಬಸುರಲ್ಲಿ 180 ದಿನ, ಬಾಣಂತಿಯಾದ ಮೇಲೆ ಮತ್ತೆ 180 ದಿನ. ಮಲ ಕಪ್ಪಗಾಗುತ್ತದೆ ಅಂತ ನಿಲ್ಲಿಸುವವರು ಬಹಳ. ಅದು ಮಾತ್ರೆಯ ಬಣ್ಣ, ಹೆದರಬೇಡಿ. ಟೀ ಕಾಫಿ ಜೊತೆ ಮಾತ್ರೆ ನುಂಗಬೇಡಿ.

ಈಗ ಹೆರಿಗೆ ಕೋಣೆ. ಬಂದವಳಿಗೆ ನಿಜವಾದ ನೋವೋ, ಸುಳ್ಳು ನೋವೋ? ಸುಳ್ಳು ನೋವು ಬಂದು ಹೋಗುತ್ತದೆ, ಓಡಾಡಿದರೆ ಕಡಿಮೆ ಆಗಬಹುದು, ಗರ್ಭಕೋಶದ ಬಾಯಿ ತೆರೆಯುವುದಿಲ್ಲ. ನಿಜವಾದದ್ದು ಹತ್ತಿರ ಹತ್ತಿರ ಆಗುತ್ತಾ, ಜೋರಾಗುತ್ತಾ ಹೋಗುತ್ತದೆ. ನಾವು ಹೊಟ್ಟೆ ಮೇಲೆ ಅಂಗೈ ಇಟ್ಟು ಹತ್ತು ನಿಮಿಷ ಗಡಿಯಾರ ನೋಡುತ್ತೇವೆ. ಹೊಟ್ಟೆ ಎಷ್ಟು ಸಲ ಕಲ್ಲಿನ ಹಾಗೆ ಬಿಗಿಯಿತು, ಪ್ರತಿ ಸಲ ಎಷ್ಟು ಸೆಕೆಂಡ್ ನಿಂತಿತು? ಆಕೆಯನ್ನು ಕೇಳಿ ಬರೆದರೆ ಆಗುವುದಿಲ್ಲ. ನೋವಲ್ಲಿರುವವರಿಗೆ ನಿಮಿಷದ ಲೆಕ್ಕ ಎಲ್ಲಿಂದ ಬರಬೇಕು?

ಈ ಲೆಕ್ಕವೆಲ್ಲ ಒಂದು ಹಾಳೆಯ ಮೇಲೆ ಏರುತ್ತದೆ. ಅದರ ಹೆಸರು ಪಾರ್ಟೋಗ್ರಾಫ್. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಅನ್ನುವುದು. ಬಾಯಿ ತೆರೆಯುವುದನ್ನು ಹೀಗೆ ಗೆರೆಯಾಗಿ ಮೊದಲು ಬರೆದವರು ಅಮೆರಿಕದ ಡಾಕ್ಟರ್ ಎಮ್ಯಾನುಯಲ್ ಫ್ರೀಡ್‌ಮನ್, 1954ರಲ್ಲಿ. ಅದನ್ನು ಸಿಸ್ಟರ್‌ಗಳ ಕೈಗೆ ಬರುವ ಸಾಧನ ಮಾಡಿದ್ದು ಆಫ್ರಿಕಾ. ಈಗ ಜಿಂಬಾಬ್ವೆ ಅನ್ನುವ ಆಗಿನ ರೊಡೇಷಿಯಾದಲ್ಲಿ ಫಿಲ್‌ಪಾಟ್ ಮತ್ತು ಕ್ಯಾಸಲ್ ಅನ್ನುವ ಡಾಕ್ಟರ್‌ಗಳು 1972ರಲ್ಲಿ ಆ ಹಾಳೆಗೆ ಎರಡು ಓರೆ ಗೆರೆ ಎಳೆದರು. ದೂರದ ಕ್ಲಿನಿಕ್‌ನಲ್ಲಿ ಡಾಕ್ಟರ್ ಇಲ್ಲದೆ ಹೆರಿಗೆ ಮಾಡಿಸುವ ಸಿಸ್ಟರ್‌ಗೆ, ಈಕೆಯನ್ನು ಯಾವಾಗ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಅಂತ ಗೊತ್ತಾಗಬೇಕಿತ್ತು. ಮೊದಲ ಗೆರೆ ಗಂಟೆಗೆ ಒಂದು ಸೆಂಟಿಮೀಟರ್ ಲೆಕ್ಕದ್ದು, ಅದನ್ನು ದಾಟಿದರೆ ಎಚ್ಚರ. ನಾಲ್ಕು ಗಂಟೆ ಬಲಕ್ಕೆ ಎರಡನೇ ಗೆರೆ, ಅಲ್ಲಿಗೆ ಮುಟ್ಟುವ ಮೊದಲೇ ಏನಾದರೂ ತೀರ್ಮಾನ ಆಗಿರಬೇಕು. ಕ್ಲಿನಿಕ್‌ನಿಂದ ಆಸ್ಪತ್ರೆಗೆ ಕರೆದೊಯ್ಯುವ ಹೊತ್ತನ್ನೂ ಆ ನಾಲ್ಕು ಗಂಟೆಯೊಳಗೇ ಲೆಕ್ಕ ಹಾಕಿದ್ದರು. ಇದಕ್ಕಿಂತ ಸರಳವಾದ, ಇದಕ್ಕಿಂತ ಉಪಯೋಗದ ಹಾಳೆಯನ್ನು ನಾನು ನೋಡಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಇಂಡೋನೇಷ್ಯಾ, ಮಲೇಷ್ಯಾ, ಥಾಯ್ಲೆಂಡ್‌ಗಳಲ್ಲಿ 35,484 ಹೆಂಗಸರ ಹೆರಿಗೆಯಲ್ಲಿ ಪರೀಕ್ಷಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿತು. ಹದಿನೆಂಟು ಗಂಟೆ ಮೀರಿ ಎಳೆಯುವ ಹೆರಿಗೆಗಳು ನೂರಕ್ಕೆ 6.4 ಇದ್ದದ್ದು 3.4ಕ್ಕೆ ಇಳಿದವು. ಆಮೇಲೆ ತಿಳಿವಳಿಕೆ ಬೆಳೆಯಿತು. ಎಲ್ಲರ ಗರ್ಭಕೋಶವೂ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯುವುದಿಲ್ಲ, ನಿಧಾನವಾದರೂ ಚೆನ್ನಾಗೇ ಹೆರುವವರು ಬಹಳ ಮಂದಿ. 2020ರಲ್ಲಿ ಬಂದ ಹೊಸ ಹಾಳೆಯಲ್ಲಿ ಆ ಓರೆ ಗೆರೆಗಳಿಲ್ಲ. ಐದು ಸೆಂಟಿಮೀಟರ್‌ನಿಂದ ಲೆಕ್ಕ ಶುರು, ಪ್ರತಿ ಸೆಂಟಿಮೀಟರ್‌ಗೂ ಬೇರೆ ಬೇರೆ ಮಿತಿ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಬೇರೆ ನಾಲ್ಕು ಸಾಲುಗಳು. ಜೊತೆಗೆ ಒಬ್ಬರು ಇದ್ದಾರಾ? ನೋವಿಗೆ ಏನಾದರೂ ಉಪಶಮನ ಕೊಟ್ಟಿರಾ? ಕುಡಿಯಲು ಕೊಟ್ಟಿರಾ? ಓಡಾಡುತ್ತಿದ್ದಾಳಾ, ಮಲಗೇ ಇದ್ದಾಳಾ? ಬಿಪಿಯ ಜೊತೆ ಇವನ್ನೂ ಬರೆಯಬೇಕು. ಸೊಂಟ ಉಜ್ಜುವ ಆ ತಾಯಿಗೆ ಕೊನೆಗೂ ಹಾಳೆಯಲ್ಲಿ ಜಾಗ ಸಿಕ್ಕಿತು.

"ಎಷ್ಟು ಬೆರಳು ಬಿಟ್ಟಿದೆ ಸಿಸ್ಟರ್?" ಅಂತ ಗಂಟೆಗೊಮ್ಮೆ ಕೇಳುತ್ತಾರೆ. ಬೆರಳಿನ ದಪ್ಪ ಒಬ್ಬೊಬ್ಬರದು ಒಂದೊಂದು ಥರ, ಹಾಗಾಗಿ ನಾವು ಸೆಂಟಿಮೀಟರ್‌ನಲ್ಲಿ ಬರೆಯುತ್ತೇವೆ, ಹತ್ತು ಆದರೆ ಪೂರ್ತಿ. ಒಳಪರೀಕ್ಷೆ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಸಾಕು. ಪದೇ ಪದೇ ಮಾಡಿದರೆ ಸೋಂಕು ಒಳಗೆ ಹೋಗುವ ಅಪಾಯ, ಆಕೆಗೂ ಹಿಂಸೆ. ನಡುವೆ ಬೇರೆ ದಾರಿ ಇದೆ. ಕಿಬ್ಬೊಟ್ಟೆ ಮೂಳೆಯ ಮೇಲೆ ಕೈ ಇಟ್ಟು, ಮಗುವಿನ ತಲೆ ಇನ್ನೂ ಎಷ್ಟು ಬೆರಳು ಅಗಲ ಹೊರಗೆ ಸಿಗುತ್ತಿದೆ ಅಂತ ನೋಡುತ್ತೇವೆ. ಐದೂ ಬೆರಳಿಗೆ ಸಿಕ್ಕರೆ ತಲೆ ಇನ್ನೂ ಮೇಲೇ ಇದೆ. ಎರಡಕ್ಕೆ ಬಂದರೆ ಇಳಿಯುತ್ತಿದೆ. ನೋವು ಜೋರಾಗಿದ್ದೂ ತಲೆ ಇಳಿಯುತ್ತಿಲ್ಲ ಅಂದರೆ ಯೋಚನೆ ಮಾಡಬೇಕು.

ಮಗುವಿನ ಎದೆಬಡಿತವನ್ನು ಅರ್ಧ ಗಂಟೆಗೊಮ್ಮೆ ಕೇಳುತ್ತೇವೆ, ಮುಕ್ಕುವ ಹೊತ್ತು ಬಂದಾಗ ಐದು ನಿಮಿಷಕ್ಕೊಮ್ಮೆ. ನಿಮಿಷಕ್ಕೆ 110ರಿಂದ 160 ಇರಬೇಕು. ಕೇಳುವ ಗಳಿಗೆ ಯಾವುದು ಅನ್ನುವುದು ಮುಖ್ಯ. ನೋವು ಬಂದಾಗ ಗರ್ಭಕೋಶ ಬಿಗಿದು ಮಾಸಿಗೆ ಹೋಗುವ ರಕ್ತ ಕಡಿಮೆ ಆಗುತ್ತದೆ. ಗಟ್ಟಿ ಮಗು ಅದನ್ನು ತಡೆದುಕೊಳ್ಳುತ್ತದೆ. ದಣಿದ ಮಗುವಿನ ಬಡಿತ ನೋವು ಇಳಿದ ಮೇಲೂ ನಿಧಾನವಾಗೇ ಉಳಿಯುತ್ತದೆ. ಅದಕ್ಕೆ ನೋವು ಇಳಿಯುವಾಗಲೇ ಕಿವಿ ಕೊಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ನೀರು ಒಡೆದಿದ್ದರೆ ಅದರ ಬಣ್ಣವನ್ನೂ ಪ್ರತಿ ಸಲ ನೋಡುತ್ತೇವೆ. ತಿಳಿಯಾಗಿದ್ದದ್ದು ಹಸಿರಾದರೆ ಮಗು ಒಳಗೇ ಮಲ ಮಾಡಿದೆ ಅಂತ ಅರ್ಥ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದ್ದೆ. ಒಂದೇ ರಾತ್ರಿ ನಾಲ್ಕು ಹೆರಿಗೆ. ಒಬ್ಬಾಕೆಯ ಹಾಳೆಯಲ್ಲಿ 140, 140, 140 ಅಂತ ಸಾಲಾಗಿ ಬರೆದಿದ್ದೆ. ಎರಡು ಸಲ ಎಣಿಸಿದ್ದೆ, ಮೂರನೇ ಸಲ ಎಣಿಸದೇ ಬರೆದೆ. ಹಿರಿಯ ಸಿಸ್ಟರ್ ಹಾಳೆ ನೋಡಿ ಬೈಯಲಿಲ್ಲ. "ಜೀವಂತ ಮಗುವಿನ ಎದೆ ಹೀಗೆ ಗೆರೆ ಎಳೆದ ಹಾಗೆ ಬಡಿಯಲ್ಲಮ್ಮ" ಅಂದು, ನನ್ನ ಕೈ ಹಿಡಿದುಕೊಂಡು ಹೋಗಿ ಮತ್ತೆ ಎಣಿಸಿಸಿದರು. 128 ಇತ್ತು. ಮಗುವಿಗೆ ಏನೂ ಆಗಿರಲಿಲ್ಲ. ಆದರೆ ಏನಾದರೂ ಆಗಿದ್ದರೆ ನನ್ನ ಆ ಸುಳ್ಳು 140 ಅದನ್ನು ಮುಚ್ಚಿಡುತ್ತಿತ್ತು. ಅವತ್ತಿನಿಂದ ಎಣಿಸಲು ಆಗದಿದ್ದರೆ ಆ ಜಾಗ ಖಾಲಿ ಬಿಡುತ್ತೇನೆ. ಖಾಲಿ ಜಾಗ ನೋಡಿ ಇನ್ನೊಬ್ಬರಾದರೂ ಎಣಿಸುತ್ತಾರೆ.

ಮಗು ಅತ್ತ ಕೂಡಲೇ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ನಮಗೆ ಕಣ್ಣು ಇನ್ನೂ ಚುರುಕಾಗಬೇಕಾದ ಹೊತ್ತು ಅದು. ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಗರ್ಭಕೋಶ ಬಿಗಿಸುವ ಆಕ್ಸಿಟೋಸಿನ್ 10 ಯೂನಿಟ್ ಇಂಜೆಕ್ಷನ್. ಮಾಸು ಬಿದ್ದ ಮೇಲೆ ಎರಡು ಗಂಟೆ ಕಾಲ ಹದಿನೈದು ನಿಮಿಷಕ್ಕೊಮ್ಮೆ ಹೊಕ್ಕುಳ ಹತ್ತಿರ ಕೈ ಒತ್ತಿ ನೋಡುತ್ತೇವೆ. ಗರ್ಭಕೋಶ ಕ್ರಿಕೆಟ್ ಬಾಲಿನ ಹಾಗೆ ಗಟ್ಟಿಯಾಗಿ ಸಿಗಬೇಕು. ಹಿಟ್ಟಿನ ಹಾಗೆ ಮೆತ್ತಗಿದ್ದರೆ ರಕ್ತ ಹೋಗುತ್ತಿದೆ ಅಂತ ಲೆಕ್ಕ. ನಾಡಿಯನ್ನೂ ಹಿಡಿಯುತ್ತೇವೆ, ಯಾಕೆಂದರೆ ಬಿಪಿ ಬೀಳುವ ಮೊದಲು ನಾಡಿ ಓಡಲು ಶುರುಮಾಡುತ್ತದೆ.

ಎಷ್ಟು ರಕ್ತ ಹೋಯಿತು ಅಂತ ಕಣ್ಣಂದಾಜಲ್ಲಿ ಹೇಳುವುದು ಬಹಳ ಕಷ್ಟ. ಬಟ್ಟೆ ಹೀರುತ್ತದೆ, ನೀರು ಬೆರೆಯುತ್ತದೆ. ಈ ವಿಷಯದಲ್ಲಿ ನಮ್ಮ ಬೆಳಗಾವಿಗೆ ದೊಡ್ಡ ಪಾತ್ರ ಇದೆ. ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ, ಹಳ್ಳಿಗಳಲ್ಲಿ ಎಎನ್‌ಎಂಗಳು ಮಾಡಿಸುವ ಹೆರಿಗೆಗಳಲ್ಲಿ ಒಂದು ಅಧ್ಯಯನ ನಡೆಸಿದರು. 1620 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ರಕ್ತಸ್ರಾವ ತಡೆಯುವ ಮಿಸೋಪ್ರೊಸ್ಟಾಲ್ ಮಾತ್ರೆ ಕೊಟ್ಟರು. 2006ರಲ್ಲಿ ಅದು ಪ್ರಕಟವಾಯಿತು. ಹೆರಿಗೆ ನಂತರದ ರಕ್ತಸ್ರಾವ ನೂರಕ್ಕೆ 12 ಇದ್ದದ್ದು ಮಾತ್ರೆ ತಗೊಂಡವರಲ್ಲಿ 6.4 ಆಗಿತ್ತು. ಆ ಕೆಲಸಕ್ಕಾಗಿ ರಕ್ತ ಸರಿಯಾಗಿ ಅಳೆಯಲೇಬೇಕಿತ್ತಲ್ಲ, ಅದಕ್ಕೆ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಸೊಂಟದ ಕೆಳಗೆ ಹಾಸಿದರೆ ರಕ್ತ ಅದರ ತುದಿಯ ಚೀಲಕ್ಕೆ ಇಳಿಯುತ್ತದೆ. ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಅದರ ಜೊತೆ ಹೋಲಿಸಿದಾಗ ಕಣ್ಣಂದಾಜು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆ ಹೇಳುತ್ತಿತ್ತು. ಎಲ್ಲ ಸಿಸ್ಟರ್‌ಗಳೂ ಇದನ್ನು ನೆನಪಿಟ್ಟುಕೊಳ್ಳಬೇಕು. 500 ಮಿಲಿಲೀಟರ್ ಅಂತ ನಮಗೆ ಕಾಣುವ ಹೊತ್ತಿಗೆ 700 ದಾಟಿರಬಹುದು. ಹಿಮೋಗ್ಲೋಬಿನ್ 8 ಇರುವ ಹುಡುಗಿಗೆ ಅಷ್ಟು ಹೊತ್ತು ಕಾಯಲು ಆಗುವುದಿಲ್ಲ.

ಇಂಥದೇ ಅಳತೆ ಹಾಳೆಯನ್ನು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಹೆರಿಗೆಗಳನ್ನು ಒಳಗೊಂಡ ಅಧ್ಯಯನದಲ್ಲಿ ಬಳಸಿದರು. ರಕ್ತ ಅಳೆದು, ಮಿತಿ ದಾಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರುಮಾಡಿದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ದೊಡ್ಡ ತೊಂದರೆಗಳು ನೂರಕ್ಕೆ 60ರಷ್ಟು ಇಳಿದವು. ಅದು ಪ್ರಕಟವಾದದ್ದು 2023ರಲ್ಲಿ.

2018-20ರ ಸರ್ಕಾರಿ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ 69 ತಾಯಂದಿರು ತೀರಿಕೊಂಡಿದ್ದರು. ದೇಶದ ಸರಾಸರಿ 97, ಅದಕ್ಕಿಂತ ನಾವು ಮೇಲು. ಆದರೆ ಪಕ್ಕದ ಕೇರಳದಲ್ಲಿ 19, ತಮಿಳುನಾಡಿನಲ್ಲಿ 54. ಈ ಅಂತರ ನನ್ನನ್ನು ಬಿಡದೆ ಕಾಡುತ್ತದೆ.

ಕೊನೆಗೆ ಮನೆಯಲ್ಲಿ ನೀವು ನೋಡಬೇಕಾದ್ದು ಒಂದಿದೆ. ಹೆರಿಗೆಯಾಗಿ ಮೂರರಿಂದ ಆರನೇ ದಿನದ ನಡುವೆ ಬಿಪಿ ಮತ್ತೆ ಏರಬಹುದು, ಅಷ್ಟರಲ್ಲಿ ಹುಡುಗಿ ಮನೆಗೆ ಬಂದಿರುತ್ತಾಳೆ. ಆಶಾ ಮೂರನೇ ದಿನ, ಏಳನೇ ದಿನ ಮನೆಗೆ ಬಂದಾಗ ಮಗುವನ್ನಷ್ಟೇ ತೋರಿಸಬೇಡಿ, ಬಾಣಂತಿಯನ್ನೂ ತೋರಿಸಿ. ತಲೆನೋವು ಅಂದರೆ "ಗಾಳಿ ಹೊಕ್ಕಿದೆ, ತಲೆಗೆ ಬಟ್ಟೆ ಕಟ್ಟು" ಅನ್ನುವುದು ನಮ್ಮ ಮನೆಗಳಲ್ಲಿ ರೂಢಿ. ಬಟ್ಟೆ ಕಟ್ಟಿ, ಬೇಡ ಅನ್ನಲ್ಲ. ಆದರೆ ತಲೆನೋವು ಜೋರಾಗಿದ್ದು ಬಿಡದಿದ್ದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ನೋವು ಬಂದರೆ, ಗಂಟೆಯೊಳಗೆ ಪ್ಯಾಡ್ ತೊಯ್ದು ಹೋದರೆ, ಜ್ವರ ಬಂದರೆ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಮೊದಲು ಸಿಗುವವರಿಗೆ ಮೊದಲ ಮಾತೇ ಇದಾಗಿರಲಿ: "ಹೆರಿಗೆ ಆಗಿ ಇಷ್ಟು ದಿನ ಆಯ್ತು." ಆಮೇಲೆ ತಾಯಿ ಕಾರ್ಡ್ ಕೈಗೆ ಕೊಡಿ.